ಮಧ್ಯಮ ಗಾತ್ರದ ಜಲವಿದ್ಯುತ್ ಅಣೆಕಟ್ಟಿಗೆ ನದಿಯಲ್ಲಿ ಜಾಗ ನೋಡುವುದು ಹೇಗೆ?

ನಕ್ಷೆ ಬಿಚ್ಚಿದರೆ ಸಾಕು, ಕಣ್ಣು ಒಂದು ಕಡೆಗೇ ಓಡುತ್ತದೆ. ಅಗಲವಾಗಿ ಹರಿದು ಬಂದ ನದಿ ಎರಡು ಗುಡ್ಡಗಳ ನಡುವೆ ತಟ್ಟನೆ ಕಿರಿದಾಗುತ್ತದೆ. ಮೇಲೆ ನೀರು ನಿಲ್ಲಲು ದೊಡ್ಡ ಬಯಲು, ಕೆಳಗೆ ಕಟ್ಟಲು ಚಿಕ್ಕ ಬಾಯಿ. ಇಲ್ಲೇ ಕಟ್ಟಬಹುದು ಅಲ್ವಾ ಅನಿಸುತ್ತದೆ.

ಅದಕ್ಕೆ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ನದಿ ಅಲ್ಲೇ ಯಾಕೆ ಕಿರಿದಾಯಿತು? ಗಟ್ಟಿ ಬಂಡೆ ಸಿಕ್ಕಿ ನೀರಿಗೆ ಅಗಲವಾಗಿ ಕೊರೆಯಲು ಆಗದೆ ಕಿರಿದಾಗಿದ್ದರೆ ಒಳ್ಳೆಯದು. ಆದರೆ ಎಷ್ಟೋ ಸಾವಿರ ವರ್ಷಗಳ ಹಿಂದೆ ಒಂದು ಬದಿಯ ಗುಡ್ಡ ಕುಸಿದು ಬಂದು ನದಿಯನ್ನು ಒತ್ತಿರಲೂಬಹುದು. ಆಗ ನೀವು ನೋಡುತ್ತಿರುವುದು ಬಂಡೆಯಲ್ಲ, ಕಲ್ಲುಮಣ್ಣಿನ ರಾಶಿ. ನಕ್ಷೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಇಡೀ ಕೆಲಸವನ್ನು ಇದೇ ಮನಸ್ಸಿನಿಂದ ಮಾಡಬೇಕು ಅನ್ನುವುದು ನನ್ನ ನಂಬಿಕೆ. ಜಾಗವನ್ನು ಒಪ್ಪಲು ಕಾರಣ ಹುಡುಕಬೇಡಿ, ಬಿಡಲು ಕಾರಣ ಹುಡುಕಿ. ಅದೂ ಖರ್ಚು ಕಡಿಮೆ ಇರುವಾಗಲೇ ಹುಡುಕಿ. ಕೊರೆಯುವ ಯಂತ್ರ ತಂದು, ರಸ್ತೆ ಮಾಡಿ, ಎರಡು ವರ್ಷ ಕಳೆದ ಮೇಲೆ 'ಇದು ಬೇಡ' ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ.

ಮಧ್ಯಮ ಗಾತ್ರ ಅಂದರೆ ಎಷ್ಟು ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ಇಲ್ಲಿ ನಾನು 10ರಿಂದ 100 ಮೆಗಾವ್ಯಾಟ್‌ವರೆಗಿನ ಯೋಜನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

1. ಮೊದಲು ಕಾಗದದ ಮೇಲೆ ಲೆಕ್ಕ

ವಿದ್ಯುತ್ತಿಗೆ ಬೇಕಾದದ್ದು ಎರಡು: ನೀರಿನ ಹರಿವು ಮತ್ತು ನೀರು ಬೀಳುವ ಎತ್ತರ. ಈ ಎತ್ತರವನ್ನು ಎಂಜಿನಿಯರುಗಳು ಹೆಡ್ ಅನ್ನುತ್ತಾರೆ. ಸೆಕೆಂಡಿಗೆ ಎಷ್ಟು ಘನ ಮೀಟರ್ ನೀರು, ಎಷ್ಟು ಮೀಟರ್ ಎತ್ತರ, ಇವೆರಡನ್ನೂ ಗುಣಿಸಿ. ಅದನ್ನು 9.81ರಿಂದ ಗುಣಿಸಿ. ಕೊನೆಗೆ ಯಂತ್ರಗಳ ದಕ್ಷತೆಯಿಂದ, ಮೊದಲ ಅಂದಾಜಿಗೆ 0.85ರಿಂದ, ಗುಣಿಸಿ. ಉತ್ತರ ಕಿಲೋವ್ಯಾಟ್‌ನಲ್ಲಿ ಬರುತ್ತದೆ.

ಸೆಕೆಂಡಿಗೆ 50 ಘನ ಮೀಟರ್, ಅಂದರೆ ಸುಮಾರು 1,765 ಕ್ಯುಸೆಕ್ ನೀರು 72 ಮೀಟರ್ ಬಿದ್ದರೆ 30 ಮೆಗಾವ್ಯಾಟ್ ಸಿಗುತ್ತದೆ. ಬರೀ 15 ಘನ ಮೀಟರ್ ನೀರು 240 ಮೀಟರ್ ಬಿದ್ದರೂ ಅದೇ 30 ಮೆಗಾವ್ಯಾಟ್. ಎತ್ತರ ಬೇಕು ಅಂದರೆ ಅಣೆಕಟ್ಟೇ ಎತ್ತರ ಇರಬೇಕು ಅಂತಿಲ್ಲ. ನದಿ ಒಂದು ಬೆಟ್ಟವನ್ನು ಬಳಸಿಕೊಂಡು ಹತ್ತು ಕಿಲೋಮೀಟರ್ ಸುತ್ತಿ ಬರುವ ಕಡೆ, ಬೆಟ್ಟದೊಳಗೆ ಎರಡು ಕಿಲೋಮೀಟರ್ ಸುರಂಗ ಕೊರೆದರೆ ಆ ಇಳಿಜಾರಷ್ಟೂ ಒಟ್ಟಿಗೆ ಸಿಗುತ್ತದೆ. ಗಿಡ್ಡ ಅಣೆಕಟ್ಟು, ಕಡಿಮೆ ಮುಳುಗಡೆ. ಆದರೆ ಸುತ್ತು ಹಾಕುವ ಆ ಹತ್ತು ಕಿಲೋಮೀಟರ್ ನದಿ ಬತ್ತುತ್ತದೆ ಅನ್ನುವುದನ್ನು ಮರೆಯಬಾರದು.

ಹಾಗಾಗಿ ಮೊದಲ ದಿನವೇ ನದಿಯ ಉದ್ದಕ್ಕೂ ತಳದ ಎತ್ತರವನ್ನು ಗ್ರಾಫಿನಲ್ಲಿ ಗುರುತಿಸಿ. ಗೆರೆ ಕಡಿದಾಗಿ ಇಳಿಯುವ ತುಂಡುಗಳು, ನದಿ ತಿರುವು ಹೊಡೆಯುವ ತುಂಡುಗಳು ಎದ್ದು ಕಾಣುತ್ತವೆ. 2000ದಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಮೂಲಕ ಅಳೆದ ಎಸ್‌ಆರ್‌ಟಿಎಂ ಎತ್ತರದ ಮಾಹಿತಿ ಯಾರಿಗಾದರೂ ಉಚಿತವಾಗಿ ಸಿಗುತ್ತದೆ. ಅದರ ಒಂದೊಂದು ಚೌಕ ಸುಮಾರು 30 ಮೀಟರ್. ಬಯಲಿನಲ್ಲಿ ಪರವಾಗಿಲ್ಲ. ಕಿರಿದಾದ ಕಮರಿಯಲ್ಲಿ ಅದೇ ಚೌಕದೊಳಗೆ ನದಿಯೂ ಬೆಟ್ಟದ ಬದಿಯೂ ಸೇರಿಬಿಡುತ್ತವೆ. ಕಟ್ಟಬೇಕೆನ್ನುವ ಜಾಗದಲ್ಲೇ ತಪ್ಪು ಜಾಸ್ತಿ ಅನ್ನುವುದು ನೆನಪಿರಲಿ. ಹತ್ತಾರು ಜಾಗಗಳಲ್ಲಿ ಐದಾರನ್ನು ಆರಿಸಲು ಇದು ಸಾಕು, ಒಂದನ್ನು ಆರಿಸಲು ಸಾಲದು.

2. ನೀರು ನಿಜಕ್ಕೂ ಎಷ್ಟಿದೆ?

ಅತಿ ಹೆಚ್ಚು ಮೋಸ ಹೋಗುವುದು ಇಲ್ಲೇ. ಮೋಸ ಮಾಡುವುದು 'ಸರಾಸರಿ' ಅನ್ನುವ ಅಂಕಿ.

ವರ್ಷದ ಸರಾಸರಿ 50 ಘನ ಮೀಟರ್ ಅನ್ನುವ ನದಿ ಮಳೆಗಾಲದ ಮೂರು ತಿಂಗಳು 170 ಹರಿದು, ಉಳಿದ ಒಂಬತ್ತು ತಿಂಗಳು 10ರ ಆಸುಪಾಸಿನಲ್ಲೇ ಇರಬಹುದು. 50 ಅನ್ನುವ ಹರಿವು ಆ ನದಿಯಲ್ಲಿ ಒಂದು ದಿನವೂ ಸರಿಯಾಗಿ ಇರುವುದಿಲ್ಲ. ಅದಕ್ಕೇ ಪ್ರತಿದಿನದ ಹರಿವನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಒಂದು ಗೆರೆ ಎಳೆಯುತ್ತಾರೆ. ವರ್ಷದ 90 ಶೇಕಡಾ ದಿನ, ಅಂದರೆ ಸುಮಾರು 328 ದಿನ, ಕನಿಷ್ಠ ಎಷ್ಟು ನೀರು ಇದ್ದೇ ಇರುತ್ತದೆ ಅನ್ನುವುದನ್ನು ಆ ಗೆರೆ ಹೇಳುತ್ತದೆ. 50 ಶೇಕಡಾ ದಿನ ಎಷ್ಟು, 20 ಶೇಕಡಾ ದಿನ ಎಷ್ಟು ಅನ್ನುವುದೂ ಗೊತ್ತಾಗುತ್ತದೆ. ಟರ್ಬೈನ್ ಎಷ್ಟು ದೊಡ್ಡದಿರಬೇಕು, ನೀರು ಕೂಡಿಡಲು ಜಲಾಶಯ ಬೇಕೇ ಬೇಕಾ ಅನ್ನುವ ಎರಡು ಪ್ರಶ್ನೆಗೂ ಉತ್ತರ ಈ ಗೆರೆಯಲ್ಲಿದೆ.

ದಾಖಲೆ ಹತ್ತು ವರ್ಷದ್ದಾದರೂ ಇರಲಿ. 25-30 ವರ್ಷದ್ದು ಸಿಕ್ಕರೆ ಅದೃಷ್ಟ. ಐದೇ ವರ್ಷದ ಅಂಕಿ ಇದ್ದು ಆ ಐದೂ ವರ್ಷ ಒಳ್ಳೆ ಮಳೆಯಾಗಿದ್ದರೆ, ಕಟ್ಟಿದ ಮೇಲೆ ಟರ್ಬೈನ್ ನಿಂತೇ ಇರುತ್ತದೆ.

ನಿಮ್ಮ ಜಾಗದಲ್ಲೇ ಅಳತೆ ಇಲ್ಲದಿರುವುದು ಮಾಮೂಲು. ಕೆಳಗೆ ಎಲ್ಲೋ 1,200 ಚದರ ಕಿಲೋಮೀಟರ್ ಜಲಾನಯನ ಪ್ರದೇಶದ ನೀರನ್ನು ಅಳೆಯುವ ಕೇಂದ್ರ ಇದೆ, ನಿಮ್ಮ ಜಾಗಕ್ಕೆ 900 ಚದರ ಕಿಲೋಮೀಟರ್ ನೀರು ಬರುತ್ತದೆ ಅಂದುಕೊಳ್ಳಿ. ಹರಿವಿನ ಮುಕ್ಕಾಲು ಪಾಲು ನಮ್ಮದು ಅನ್ನುವುದು ಮೊದಲ ಅಂದಾಜು. ಮೇಲಿನ ಬೆಟ್ಟದಲ್ಲಿ ಮಳೆ ಜಾಸ್ತಿ ಬಿದ್ದು ಕೆಳಗೆ ಕಡಿಮೆ ಬಿದ್ದರೆ ಈ ಪಾಲು ಬದಲಾಗುತ್ತದೆ. ಮಳೆ ನೋಡಿ ತಿದ್ದಬೇಕು.

ಇದನ್ನೆಲ್ಲ ಮಾಡುವಾಗಲೇ, ಇನ್ನೂ ಏನೂ ನಿರ್ಧಾರ ಆಗದಿರುವಾಗಲೇ, ಜಾಗದಲ್ಲಿ ಒಂದು ಅಳತೆಕೋಲು ನೆಡಿ. ನದಿ ನೇರವಾಗಿ ಹರಿಯುವ, ತಳ ಕದಲದ ಕಡೆ ನೋಡಿ, ಬಂಡೆಗೆ ಬಿಗಿಯಾಗಿ ಕಟ್ಟಿ. ದಿನಕ್ಕೆ ಎರಡು ಸಲ ಓದಲು ಪಕ್ಕದ ಊರಿನ ಒಬ್ಬರನ್ನು ಗೊತ್ತು ಮಾಡಿ. ನೀರಿನ ಮಟ್ಟ ಗೊತ್ತಾದ ಮಾತ್ರಕ್ಕೆ ಹರಿವು ಗೊತ್ತಾಗಲ್ಲ, ಹಾಗಾಗಿ ಬೇರೆ ಬೇರೆ ಮಟ್ಟದಲ್ಲಿ ನೀರಿನ ವೇಗವನ್ನೂ ಅಳೆದು, ಯಾವ ಮಟ್ಟಕ್ಕೆ ಎಷ್ಟು ಹರಿವು ಅನ್ನುವ ಗೆರೆ ಎಳೆಯಬೇಕು. ಒಂದು ದಡದಿಂದ ಇನ್ನೊಂದು ದಡಕ್ಕೆ ಹಗ್ಗ ಎಳೆದು, ಅದನ್ನು ಇಪ್ಪತ್ತೋ ಮೂವತ್ತೋ ತುಂಡಾಗಿ ಗುರುತಿಸಿ, ಒಂದೊಂದು ಗುರುತಿನಲ್ಲೂ ಆಳ ನೋಡಿ, ವೇಗಮಾಪಕವನ್ನು ಇಳಿಸುತ್ತಾರೆ. ಮೇಲಿನಿಂದ ಆಳದ 0.6 ಭಾಗದಲ್ಲಿ ಒಮ್ಮೆ ಅಳೆದರೆ ಆ ಜಾಗದ ಸರಾಸರಿ ವೇಗ ಸಿಗುತ್ತದೆ. ನೀರು ಆಳವಿದ್ದರೆ 0.2 ಮತ್ತು 0.8 ಭಾಗಗಳಲ್ಲಿ ಅಳೆದು ಸರಾಸರಿ ತೆಗೆಯುತ್ತಾರೆ. ಉಪಕರಣ ಇಲ್ಲದಿದ್ದರೆ ಒಂದು ಮರದ ತುಂಡನ್ನು ತೇಲಿಬಿಟ್ಟು, ಗೊತ್ತಿರುವ ದೂರ ದಾಟಲು ಎಷ್ಟು ಸೆಕೆಂಡ್ ಬೇಕಾಯಿತು ನೋಡಿ, ಆ ವೇಗವನ್ನು 0.85ರಿಂದ ಗುಣಿಸಿ. ಮೇಲ್ಮೈ ನೀರು ಒಳಗಿನದಕ್ಕಿಂತ ವೇಗವಾಗಿ ಓಡುತ್ತದಲ್ಲ, ಅದಕ್ಕೆ ಈ ತಿದ್ದುಪಡಿ.

ಪ್ರವಾಹದ ದಿನ ಯಾರೂ ನದಿಗೆ ಇಳಿಯಲು ಆಗುವುದಿಲ್ಲ. ಹಾಗಾಗಿ ದೊಡ್ಡ ಹರಿವಿನ ಅಂಕಿಗಳು ಬಹಳ ಸಲ ಅಳತೆಯಲ್ಲ, ಆ ಮಟ್ಟ-ಹರಿವಿನ ಗೆರೆಯನ್ನು ಮುಂದಕ್ಕೆ ಎಳೆದು ಮಾಡಿದ ಊಹೆ. ದಾಖಲೆ ಕೈಗೆ ಬಂದಾಗ 'ಅತಿ ಹೆಚ್ಚು ಹರಿವನ್ನು ನಿಜವಾಗಿ ಅಳೆದದ್ದು ಯಾವಾಗ?' ಅಂತ ಕೇಳಿ.

ಕೊನೆಗೆ ಕಳೆಯುವ ಲೆಕ್ಕ. ಮೇಲಿನ ಊರುಗಳ ನೀರಾವರಿ, ಕುಡಿಯುವ ನೀರು, ಮುಂದೆ ಬರಲಿರುವ ಯೋಜನೆಗಳು, ನದಿ ಜೀವಂತ ಇರಲು ಕೆಳಗೆ ಬಿಡಲೇಬೇಕಾದ ನೀರು. ಇಷ್ಟನ್ನೂ ಕಳೆದ ಮೇಲೆ ಉಳಿದದ್ದು ಟರ್ಬೈನಿಗೆ.

3. ಬಂಡೆ

ನೀರು ಕಡಿಮೆಯಾದರೆ ದುಡ್ಡು ಹೋಗುತ್ತದೆ. ಬಂಡೆ ಕೈಕೊಟ್ಟರೆ ಜನ ಹೋಗುತ್ತಾರೆ.

ಮೊದಲು ನಡೆಯಿರಿ. ನದಿ ತಳದಲ್ಲಿ ಮಾತ್ರ ಅಲ್ಲ, ಎರಡೂ ಬದಿಯ ಬೆಟ್ಟದ ಮೇಲೆ, ನೀರು ನಿಲ್ಲುವ ಮಟ್ಟಕ್ಕಿಂತಲೂ ಮೇಲಿನವರೆಗೆ. ಮರಗಳ ಬುಡ ಬಾಗಿ ಆಮೇಲೆ ನೆಟ್ಟಗೆ ಬೆಳೆದಿದ್ದರೆ ಆ ಇಳಿಜಾರಿನ ಮಣ್ಣು ನಿಧಾನವಾಗಿ ಜಾರುತ್ತಿರಬಹುದು. ಬೆಟ್ಟದ ನೆತ್ತಿಯ ಹತ್ತಿರ ಅಡ್ಡಡ್ಡ ಬಿರುಕು, ಒಂದೇ ಸಾಲಿನಲ್ಲಿ ಒಸರುವ ಒರತೆಗಳು, ಕಾರಣವಿಲ್ಲದೆ ಸಿಗುವ ಚಪ್ಪಟೆ ಮೆಟ್ಟಿಲಿನಂಥ ಜಾಗ, ಇವನ್ನೆಲ್ಲ ಬರೆದುಕೊಳ್ಳಿ. ಕಲ್ಲಿನ ಪದರಗಳು ಯಾವ ಕಡೆಗೆ ವಾಲಿವೆ ನೋಡಿ. ನದಿಯ ಮೇಲ್ಭಾಗಕ್ಕೆ ವಾಲಿದ್ದರೆ ಸಾಮಾನ್ಯವಾಗಿ ಒಳ್ಳೆಯದು. ಕೆಳಭಾಗಕ್ಕೆ ವಾಲಿದ್ದರೆ ನೀರಿನ ಒತ್ತಡಕ್ಕೆ ಪದರದ ಮೇಲೆ ಪದರ ಜಾರಲು ದಾರಿ ಆಗಬಹುದು. ನಡುವೆ ಮೆತ್ತನೆಯ ಜೇಡಿಯ ಪದರ ಇದ್ದರಂತೂ ಇನ್ನೂ ಅಪಾಯ.

ಆಮೇಲೆ ಕೊರೆತ. ಕೊರೆಯುವ ಯಂತ್ರ ಕೊಳವೆಯಾಕಾರದ ಕಲ್ಲಿನ ತುಂಡುಗಳನ್ನು ಹೊರಗೆ ತೆಗೆಯುತ್ತದೆ. ಅವನ್ನು ಆಳದ ಕ್ರಮದಲ್ಲಿ ಮರದ ಪೆಟ್ಟಿಗೆಯಲ್ಲಿ ಜೋಡಿಸಿಡುತ್ತಾರೆ. ಒಂದು ಮೀಟರ್ ಕೊರೆದಾಗ 34, 22, 15, 7, 4 ಸೆಂಟಿಮೀಟರ್ ತುಂಡುಗಳು ಬಂದವು, ಉಳಿದದ್ದು ಪುಡಿ ಅಂದುಕೊಳ್ಳಿ. ಹತ್ತು ಸೆಂಟಿಮೀಟರ್ ಅಥವಾ ಅದಕ್ಕಿಂತ ಉದ್ದದ್ದನ್ನು ಮಾತ್ರ ಕೂಡಿ: 71. ಆ ಮೀಟರಿನ ಬಂಡೆಯ ಗುಣಮಟ್ಟ 71 ಶೇಕಡಾ. ಇದನ್ನು ಆರ್‌ಕ್ಯುಡಿ ಅನ್ನುತ್ತಾರೆ.

ಪೆಟ್ಟಿಗೆ ತೆರೆದಾಗ ಎಲ್ಲರೂ ಚೆಂದದ ಉದ್ದ ತುಂಡುಗಳನ್ನೇ ನೋಡುತ್ತಾರೆ. ನಾನು ಮೊದಲು ನೋಡುವುದು ಖಾಲಿ ಜಾಗವನ್ನು. ಮೂರು ಮೀಟರ್ ಕೊರೆದು ಎರಡು ಮೀಟರ್ ಅರವತ್ತು ಸೆಂಟಿಮೀಟರ್ ಕಲ್ಲು ಮಾತ್ರ ಕೈಗೆ ಬಂದಿದ್ದರೆ ಉಳಿದ ನಲವತ್ತು ಸೆಂಟಿಮೀಟರ್ ಎಲ್ಲಿ ಹೋಯಿತು? ಮೆತ್ತಗಿದ್ದು ಕೊರೆಯುವ ನೀರಿನಲ್ಲಿ ತೊಳೆದು ಹೋಗಿರಬಹುದು. ಅಣೆಕಟ್ಟಿನ ಅಡಿಯಲ್ಲಿ ನೀರು ದಾರಿ ಮಾಡಿಕೊಳ್ಳುವುದು ಅಂಥ ನಲವತ್ತು ಸೆಂಟಿಮೀಟರಿನಲ್ಲೇ. ಕೊರೆಯುವವರ ಹತ್ತಿರ ಕೂತು ಮಾತಾಡಿ. ಯಾವ ಆಳದಲ್ಲಿ ರಾಡು ದಡಕ್ಕನೆ ಇಳಿಯಿತು, ಎಲ್ಲಿ ನೀರು ವಾಪಸ್ ಬರಲಿಲ್ಲ ಅನ್ನುವುದು ಅವರ ಕೈಗೆ ಗೊತ್ತಿರುತ್ತದೆ. ವರದಿಯಲ್ಲಿ ಅದು ಎಷ್ಟೋ ಸಲ ಬರುವುದೇ ಇಲ್ಲ.

ಕೊರೆದ ಅದೇ ರಂಧ್ರಕ್ಕೆ ಒತ್ತಡದಲ್ಲಿ ನೀರು ಬಿಟ್ಟು ಎಷ್ಟು ಸೋರುತ್ತದೆ ಅಂತಲೂ ನೋಡಬೇಕು. 10 ಬಾರ್ ಒತ್ತಡದಲ್ಲಿ, ಒಂದು ಮೀಟರ್ ಉದ್ದಕ್ಕೆ, ನಿಮಿಷಕ್ಕೆ ಒಂದು ಲೀಟರ್ ಸೋರಿದರೆ ಒಂದು ಲೂಜಾನ್. ಕೆಲವೇ ಲೂಜಾನ್ ಬಂದರೆ ಸಮಾಧಾನ. ಹತ್ತಾರು ಬಂದರೆ ಬಿರುಕುಗಳಿಗೆ ಸಿಮೆಂಟ್ ಹಾಲು ತುಂಬುವ ಖರ್ಚನ್ನು ಈಗಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಇಷ್ಟೆಲ್ಲ ಯಾಕೆ ಅಂದರೆ, ಫ್ರಾನ್ಸಿನ ಮಾಲ್‌ಪಾಸೆಯಲ್ಲಿ 1959ರ ಡಿಸೆಂಬರ್ 2ರ ರಾತ್ರಿ ಸುಮಾರು 66 ಮೀಟರ್ ಎತ್ತರದ ಕಮಾನು ಅಣೆಕಟ್ಟು ಒಡೆಯಿತು. ಕಾಂಕ್ರೀಟ್ ಚೆನ್ನಾಗಿಯೇ ಇತ್ತು. ಎಡಬದಿಯ ಬೆಟ್ಟದೊಳಗಿನ ಬಂಡೆ ಸರಿದಿತ್ತು. 400ಕ್ಕೂ ಹೆಚ್ಚು ಜನ ಸತ್ತರು. ಅಮೆರಿಕದ ಟೀಟನ್ ಅಣೆಕಟ್ಟು 1976ರ ಜೂನ್ 5ರಂದು, ಮೊದಲ ಸಲ ತುಂಬುತ್ತಿರುವಾಗಲೇ ಹೋಯಿತು. ಬಲಬದಿಯ ಬಿರುಕು ಬಿಟ್ಟ ಜ್ವಾಲಾಮುಖಿ ಕಲ್ಲಿನ ಮೂಲಕ ನೀರು ನುಗ್ಗಿ ಏರಿಯೊಳಗಿನ ಮಣ್ಣನ್ನೇ ಹೊತ್ತುಕೊಂಡು ಹೋಯಿತು.

ಸುಣ್ಣಕಲ್ಲು, ಜಿಪ್ಸಂ ಸಿಕ್ಕರೆ ಇನ್ನೂ ಹುಷಾರು. ಇವು ನೀರಿನಲ್ಲಿ ಕರಗುತ್ತವೆ, ಒಳಗೆ ಗುಹೆಗಳಾಗಿರುತ್ತವೆ. ಅಮೆರಿಕದ ಟೆನ್ನೆಸ್ಸೀ ನದಿಗೆ ಸುಣ್ಣಕಲ್ಲಿನ ಮೇಲೆ ಕಟ್ಟಿ 1913ರಲ್ಲಿ ಮುಗಿಸಿದ ಹೇಲ್ಸ್ ಬಾರ್ ಅಣೆಕಟ್ಟಿನ ಸೋರಿಕೆಯನ್ನು ನಿಲ್ಲಿಸಲು ಆಗದೆ, 1960ರ ದಶಕದಲ್ಲಿ ಕೆಳಗೆ ಬೇರೆ ಅಣೆಕಟ್ಟನ್ನೇ ಕಟ್ಟಿದರು. ಇರಾಕಿನ ಮೊಸುಲ್ ಅಣೆಕಟ್ಟಿನ ಅಡಿ ಜಿಪ್ಸಂ ಇದೆ. 1980ರ ದಶಕದಿಂದ ಅಲ್ಲಿ ಸಿಮೆಂಟ್ ತುಂಬುತ್ತಲೇ ಇರಬೇಕಾಗಿದೆ.

ಅಣೆಕಟ್ಟಿನ ಜಾಗ ಮಾತ್ರ ನೋಡಿ ಸುಮ್ನೆ ಆಗಬೇಡಿ. ಜಲಾಶಯದ ಸುತ್ತಲಿನ ಇಳಿಜಾರುಗಳನ್ನೂ ನೋಡಿ. ಇಟಲಿಯ ವಾಯೋಂಟ್‌ನಲ್ಲಿ 1963ರ ಅಕ್ಟೋಬರ್ 9ರಂದು ಬೆಟ್ಟದ ಒಂದು ಬದಿ ಇಡಿಯಾಗಿ, ಸುಮಾರು 27 ಕೋಟಿ ಘನ ಮೀಟರ್, ಜಲಾಶಯಕ್ಕೆ ಜಾರಿತು. ಎದ್ದ ಅಲೆ ಅಣೆಕಟ್ಟನ್ನು ದಾಟಿ ಕೆಳಗಿನ ಊರುಗಳನ್ನು ಅಳಿಸಿತು. ಸುಮಾರು 2,000 ಜನ ಸತ್ತರು. ಅಣೆಕಟ್ಟು ಇವತ್ತಿಗೂ ಹಾಗೆಯೇ ನಿಂತಿದೆ.

ಭೂಕಂಪದ ಇತಿಹಾಸವನ್ನೂ ಕೆದಕಿ. ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಬಳಿ 1967ರ ಡಿಸೆಂಬರ್‌ನಲ್ಲಿ 6ಕ್ಕೂ ಮೀರಿದ ತೀವ್ರತೆಯ ಕಂಪನ ಆಯಿತು. ಜಲಾಶಯ ತುಂಬಿ ಇನ್ನೂ ಕೆಲವೇ ವರ್ಷ ಆಗಿತ್ತು. ಶಾಂತ ಅಂತ ಅಂದುಕೊಂಡಿದ್ದ ಪ್ರದೇಶ ಅದು.

4. ಹೂಳು

ತಿಳಿನೀರಿನ ಕಾಲದಲ್ಲಿ ಹೋಗಿ ಬಾಟಲಿ ತುಂಬಿಸಿ ತಂದರೆ ಹೂಳೇ ಕಾಣುವುದಿಲ್ಲ. ವರ್ಷದ ಹೂಳಿನ ಬಹುಪಾಲು ಕೆಲವೇ ಪ್ರವಾಹದ ದಿನಗಳಲ್ಲಿ ಬರುತ್ತದೆ. ಮಾದರಿ ತೆಗೆಯಬೇಕಾದದ್ದು ಆ ದಿನಗಳಲ್ಲಿ. ತಳದಲ್ಲಿ ಉರುಳುವ ಮರಳು, ಗುಂಡುಕಲ್ಲು ಬಾಟಲಿಗೆ ಬರುವುದೇ ಇಲ್ಲ. ನದಿಯ ಮಧ್ಯದ ಕಲ್ಲುದಿಬ್ಬ ನೋಡಿ. ತಲೆಗಾತ್ರದ ಗುಂಡುಗಳು ಒಂದರ ಮೇಲೊಂದು ವಾಲಿ ಕೂತಿದ್ದರೆ, ಅವನ್ನು ಅಲ್ಲಿಗೆ ತಂದದ್ದು ಇದೇ ನೀರು.

ಜಲಾಶಯ 6 ಕೋಟಿ ಘನ ಮೀಟರ್, ವರ್ಷಕ್ಕೆ ಅದರಲ್ಲಿ ನಿಲ್ಲುವ ಹೂಳು 6 ಲಕ್ಷ ಘನ ಮೀಟರ್ ಅಂದರೆ ವರ್ಷಕ್ಕೆ ಒಂದು ಶೇಕಡಾ ಹೋಯಿತು. ನೂರು ವರ್ಷ ಬಾಳುತ್ತದೆ ಅಂತ ಅಲ್ಲ. ಹೂಳು ಬಾಯಿಗೆ ಬಂದು ನೀರು ಒಳತೆಗೆದುಕೊಳ್ಳುವ ಕಿಂಡಿಯನ್ನು ಮುಟ್ಟಿದ ದಿನವೇ ತೊಂದರೆ ಶುರು. ಚೀನಾದ ಹಳದಿ ನದಿಯ ಸಾನ್‌ಮೆನ್‌ಶಿಯಾ ಅಣೆಕಟ್ಟಿನಲ್ಲಿ 1960ರಲ್ಲಿ ನೀರು ತುಂಬಿಸಲು ಶುರು ಮಾಡಿದರು. ಕೆಲವೇ ವರ್ಷದಲ್ಲಿ ಹೂಳು ತುಂಬಿ, ಅಣೆಕಟ್ಟಿಗೆ ತಳದ ತೂಬುಗಳನ್ನು ಮತ್ತೆ ಮಾಡಬೇಕಾಯಿತು.

ಸುರಂಗದ ಯೋಜನೆಯಾದರೆ ಮರಳಿನಲ್ಲಿ ಬೆಣಚುಕಲ್ಲಿನ ಚೂರು ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿ. ಅದು ಉಕ್ಕಿಗಿಂತ ಗಟ್ಟಿ. ಎತ್ತರದಿಂದ ಬಿದ್ದಾಗ ಟರ್ಬೈನನ್ನು ಉಜ್ಜುಕಾಗದದ ಹಾಗೆ ತಿನ್ನುತ್ತದೆ. ಸಟ್ಲೆಜ್ ನದಿಯ ನಾಥ್ಪಾ ಝಾಕ್ರಿಯಂಥ ದೊಡ್ಡ ಕೇಂದ್ರವನ್ನೂ ಹೂಳು ಮಿತಿ ಮೀರಿದಾಗ ನಿಲ್ಲಿಸಬೇಕಾಗುತ್ತದೆ.

5. ಪ್ರವಾಹಕ್ಕೆ ದಾರಿ ಇದೆಯಾ?

ಕೋಡಿಗೆ ಜಾಗ ಇಲ್ಲದಿದ್ದರೆ ಅದು ಅಣೆಕಟ್ಟಿನ ಜಾಗವೇ ಅಲ್ಲ. ಕಿರಿದಾದ ಕಮರಿಯಲ್ಲಿ ಮಣ್ಣಿನ ಏರಿ ಹಾಕಿದರೆ ಕೋಡಿಯನ್ನು ಪಕ್ಕದ ಬೆಟ್ಟ ಕಡಿದೇ ಮಾಡಬೇಕು. ಕಾಂಕ್ರೀಟಿನ ಮೇಲೆ ಸ್ವಲ್ಪ ಹೊತ್ತು ನೀರು ಹರಿದರೂ ಉಳಿಯಬಹುದು, ಮಣ್ಣಿನ ಏರಿ ಉಳಿಯುವುದು ಕಷ್ಟ. ಗುಜರಾತಿನ ಮಚ್ಛು-2 ಅಣೆಕಟ್ಟಿಗೆ 1979ರ ಆಗಸ್ಟ್ 11ರಂದು ಬಂದ ನೀರು ಕೋಡಿಯ ಶಕ್ತಿಗೆ ಬಹಳ ಮೀರಿತ್ತು. ಎರಡೂ ಬದಿಯ ಮಣ್ಣಿನ ಏರಿ ಕೊಚ್ಚಿಹೋಯಿತು.

ದಾಖಲೆ ಸಾಲದ ಕಡೆ ದಡದ ಹಳೆಯ ಮನೆಗಳಿಗೆ ಹೋಗಿ, ವಯಸ್ಸಾದವರನ್ನು ಕೇಳಿ. 'ಆ ವರ್ಷ ನೀರು ಈ ಮೆಟ್ಟಿಲಿಗೆ ಬಂದಿತ್ತು' ಅಂತ ಕೈ ತೋರಿಸುತ್ತಾರೆ. ಆ ಮೆಟ್ಟಿಲಿನ ಮಟ್ಟವನ್ನು ಉಪಕರಣದಿಂದಲೇ ಅಳೆದು ಬರೆದುಕೊಳ್ಳಿ. ಹೀಗೆ ನಾಲ್ಕೈದು ಕಡೆಯ ಗುರುತು ಒಂದಕ್ಕೊಂದು ತಾಳೆಯಾದರೆ ಅದು ಒಳ್ಳೆಯ ದಾಖಲೆ.

ನದಿ ಹಿಮದಿಂದ ಬರುವುದಾದರೆ ಮೇಲಿನ ಹಿಮನದಿ ಸರೋವರಗಳ ಪಟ್ಟಿ ಬೇಕೇ ಬೇಕು. 2023ರ ಅಕ್ಟೋಬರ್‌ನಲ್ಲಿ ಸಿಕ್ಕಿಂನ ದಕ್ಷಿಣ ಲೊನಾಕ್ ಸರೋವರ ಒಡೆದು, ತೀಸ್ತಾ-3 ಜಲವಿದ್ಯುತ್ ಯೋಜನೆಯ ಸುಮಾರು 60 ಮೀಟರ್ ಎತ್ತರದ ಅಣೆಕಟ್ಟನ್ನೇ ಒಯ್ದಿತು. ಬರೀ ಮಳೆಯ ಲೆಕ್ಕದಲ್ಲಿ ಅಂಥ ಪ್ರವಾಹ ಸಿಗುವುದಿಲ್ಲ.

6. ಯಾರ ನೆಲ, ಯಾರ ನದಿ

ಇದನ್ನು ಕೊನೆಗೆ ಇಟ್ಟುಕೊಳ್ಳುವ ರೂಢಿ ಇದೆ. ಬಂಡೆ, ನೀರು, ಹಣ ಎಲ್ಲ ಸರಿಹೋದ ಮೇಲೆ 'ಪುನರ್ವಸತಿ' ಅನ್ನುವ ಒಂದು ಅಧ್ಯಾಯ. ದಯವಿಟ್ಟು ಹಾಗೆ ಮಾಡಬೇಡಿ. ಕೊರೆಯುವ ಯಂತ್ರ ಊರಿಗೆ ಬರುವ ಮೊದಲೇ ಹೋಗಿ ಮಾತಾಡಿ. ಅಣೆಕಟ್ಟುಗಳ ವಿಶ್ವ ಆಯೋಗ 2000ದಲ್ಲಿ ಕೊಟ್ಟ ವರದಿಯ ಪ್ರಕಾರ ದೊಡ್ಡ ಅಣೆಕಟ್ಟುಗಳಿಂದ ಜಗತ್ತಿನಲ್ಲಿ 4ರಿಂದ 8 ಕೋಟಿ ಜನ ಎತ್ತಂಗಡಿಯಾಗಿದ್ದಾರೆ. ಎಣಿಕೆಯಲ್ಲೇ ಅಷ್ಟು ಅಂತರ ಇದೆ ಅಂದರೆ ಎಷ್ಟೋ ಮಂದಿಯನ್ನು ಸರಿಯಾಗಿ ಎಣಿಸಲೇ ಇಲ್ಲ ಅಂತ ತಾನೇ?

ಮುಳುಗುವ ಮನೆ ಎಣಿಸಿದರೆ ಸಾಲದು. ಮನೆ ಮೇಲಿದ್ದು ಗದ್ದೆ ಮಾತ್ರ ಮುಳುಗುವವರು, ಕಾಗದಪತ್ರ ಇಲ್ಲದೆ ಉಳುವವರು, ದನ ಮೇಯಿಸುವವರು, ಮೀನು ಹಿಡಿಯುವವರು, ದಾಟುವ ದಾರಿ ಕಡಿದುಹೋಗುವ ಆಚೆ ದಡದವರು, ಹಿರಿಯರ ಸಮಾಧಿ ಇರುವ ನೆಲ. ಎಲ್ಲವೂ ನಕ್ಷೆಗೆ ಬರಬೇಕು.

ಮುಳುಗಡೆಯ ಗೆರೆಯನ್ನೇ ತಪ್ಪು ಎಳೆಯುವವರೂ ಇದ್ದಾರೆ. ಜಲಾಶಯದ ಪೂರ್ಣ ಮಟ್ಟ 520 ಮೀಟರ್ ಅಂದರೆ 520ರ ಗೆರೆ ಎಳೆದು ಅಲ್ಲಿಗೆ ಮುಗಿಸುತ್ತಾರೆ. ಪ್ರವಾಹದ ದಿನ ಹಿನ್ನೀರಿನ ಬಾಲದ ಕಡೆ ನೀರು ಅದಕ್ಕಿಂತ ಮೇಲೇರುತ್ತದೆ. ಅಲ್ಲೇ ಹೂಳು ನಿಂತು ನದಿತಳ ವರ್ಷದಿಂದ ವರ್ಷಕ್ಕೆ ಎತ್ತರವಾಗುತ್ತದೆ. 522ರಲ್ಲಿರುವ ಮನೆಯವರಿಗೆ 'ನಿಮಗೇನೂ ಆಗಲ್ಲ' ಅಂತ ಹೇಳಿ ಬಂದರೆ ಹತ್ತು ವರ್ಷ ಆದ ಮೇಲೆ ಅವರ ಜಗಲಿಗೆ ನೀರು ಬರುತ್ತದೆ.

ಅಣೆಕಟ್ಟಿನ ಕೆಳಗಿನವರನ್ನೂ ಕೇಳಿ. ಸಂಜೆ ವಿದ್ಯುತ್ ಬೇಡಿಕೆ ಹೆಚ್ಚಾದಾಗ ಟರ್ಬೈನ್ ಶುರುವಾದರೆ ಒಣಗಿದ್ದ ನದಿ ನಿಮಿಷಗಳಲ್ಲಿ ತುಂಬುತ್ತದೆ. ಬಟ್ಟೆ ಒಗೆಯುವವರು, ಮಕ್ಕಳು, ದನಗಳು ಎಲ್ಲಿ ಯಾವ ಹೊತ್ತಿಗೆ ನದಿಗೆ ಇಳಿಯುತ್ತಾರೆ ಅನ್ನುವುದು ಎಂಜಿನಿಯರಿಗೆ ಗೊತ್ತಿರಬೇಕು. ಮೀನುಗಳು ಮೊಟ್ಟೆ ಇಡಲು ಮೇಲೆ ಹೋಗುವ ನದಿಯಾದರೆ ಯಾವ ಜಾತಿ, ಯಾವ ತಿಂಗಳು ಅನ್ನುವುದನ್ನು ಮೀನುಗಾರರೇ ಹೇಳುತ್ತಾರೆ.

7. ರಸ್ತೆ, ತಂತಿ, ಕಲ್ಲು

ಇವನ್ನು ಬೇಗ ನೋಡಿಬಿಡಬಹುದು. ವಿದ್ಯುತ್ ಒಯ್ಯುವ ತಂತಿ ಎಷ್ಟು ದೂರ, ಅದು ಸೇರುವ ಉಪಕೇಂದ್ರಕ್ಕೆ ಇನ್ನಷ್ಟು ಹೊರುವ ಶಕ್ತಿ ಇದೆಯಾ, ತಂತಿ ಯಾವ ಕಾಡಿನ ಮೇಲೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರಿನಂಥ ಭಾರದ ವಸ್ತು ದಾರಿಯ ಸೇತುವೆಗಳ ಮೇಲೆ ದಾಟುತ್ತದಾ. ಕಾಂಕ್ರೀಟಿಗೆ ಬೇಕಾದ ಜಲ್ಲಿ, ಮರಳು ಹತ್ತಿರ ಸಿಗುತ್ತದಾ. ಸಿಕ್ಕ ಕಲ್ಲು ಸಿಮೆಂಟಿನ ಕ್ಷಾರದ ಜೊತೆ ಸೇರಿ ಊದಿಕೊಳ್ಳುವ ಜಾತಿಯದಾ ಅಂತ ಪರೀಕ್ಷೆ ಮಾಡಿಸುವುದನ್ನು ಮಾತ್ರ ತಪ್ಪಿಸಬೇಡಿ.

8. ಜಾಗಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು

ಮೆಗಾವ್ಯಾಟ್ ಹೋಲಿಸಬೇಡಿ, ವರ್ಷಕ್ಕೆ ಸಿಗುವ ಯೂನಿಟ್ ಹೋಲಿಸಿ. 30 ಮೆಗಾವ್ಯಾಟ್ ಯಂತ್ರ ವರ್ಷಪೂರ್ತಿ ಓಡಿದರೆ 26.28 ಕೋಟಿ ಯೂನಿಟ್. ನೀರು ನೋಡಿ ಲೆಕ್ಕ ಹಾಕಿದಾಗ ಅದರ 45 ಶೇಕಡಾ ಅಂತ ಬಂದರೆ ಸುಮಾರು 11.8 ಕೋಟಿ. ಯಂತ್ರ ದೊಡ್ಡದು ಮಾಡಿದರೆ ಯೂನಿಟ್ ಅಷ್ಟೇ ಪ್ರಮಾಣದಲ್ಲಿ ಏರುವುದಿಲ್ಲ, ಯಾಕೆಂದರೆ ಹೆಚ್ಚಿನ ನೀರು ಬರುವ ದಿನಗಳೇ ಕಡಿಮೆ.

ಒಂದೊಂದು ವಿಷಯಕ್ಕೂ ಅಂಕ ಕೊಟ್ಟು ಕೂಡಿ, ಜಾಸ್ತಿ ಬಂದದ್ದನ್ನು ಆರಿಸುವ ಪದ್ಧತಿ ಬಹಳ ಕಡೆ ಇದೆ. ನನಗೆ ಅದು ಸರಿ ಅನಿಸುವುದಿಲ್ಲ. ಜಾರುವ ಬೆಟ್ಟಕ್ಕೆ ಹತ್ತರಲ್ಲಿ ಎರಡು, ಒಳ್ಳೆ ರಸ್ತೆಗೆ ಹತ್ತರಲ್ಲಿ ಒಂಬತ್ತು ಅಂತ ಕೊಟ್ಟು ಕೂಡಿದರೆ ರಸ್ತೆ ಬಂದು ಬೆಟ್ಟವನ್ನು ಮುಚ್ಚಿಬಿಡುತ್ತದೆ. ಜಾರುವ ಇಳಿಜಾರು, ಕರಗುವ ಕಲ್ಲು, ಕೋಡಿಗೆ ಜಾಗ ಇಲ್ಲದಿರುವುದು, ಅಲ್ಲಿನ ಜನ ಒಪ್ಪದಿರುವುದು, ಈ ನಾಲ್ಕನ್ನು ಬೇರೆ ಇಡಿ. ಇವಕ್ಕೆ ಒಂದೊಂದಕ್ಕೂ ಪೂರ್ತಿ ಉತ್ತರ ಸಿಕ್ಕ ಜಾಗಗಳನ್ನು ಮಾತ್ರ ಯೂನಿಟ್ಟಿನ ಖರ್ಚಿಗೆ ಹೋಲಿಸಿ.

ಬಿಟ್ಟ ಜಾಗಗಳ ವರದಿಯನ್ನೂ ಪೂರ್ತಿ ಬರೆದಿಡಿ. ಯಾವ ಬಿರುಕು ಎಲ್ಲಿ ಕಂಡಿತು, ಯಾವ ಆಳದಲ್ಲಿ ಕಲ್ಲು ಕೈಗೆ ಬರಲಿಲ್ಲ, ಊರಿನವರು ಏನು ಹೇಳಿದರು, ಎಲ್ಲ. ಇಪ್ಪತ್ತು ವರ್ಷ ಬಿಟ್ಟು ಬೇರೆ ಯಾರೋ ಅದೇ ನಕ್ಷೆ ಬಿಚ್ಚಿ, ಅದೇ ಕಿರಿದಾದ ಜಾಗದ ಮೇಲೆ ಬೆರಳಿಡುತ್ತಾರೆ. ಮೊದಲ ದಿನ ನೆಟ್ಟ ಅಳತೆಕೋಲನ್ನೂ ಕೀಳಬೇಡಿ. ಓದುವವರಿಗೆ ಸಂಬಳ ಹೋಗುತ್ತಿರಲಿ.